ಬೀದಿಯ ಮರ, ಮನೆಮಂದಿಯ ಆರೋಗ್ಯ

ಏಪ್ರಿಲ್ ತಿಂಗಳ ಮಧ್ಯಾಹ್ನ ಔಷಧಿ ಅಂಗಡಿಗೆ ಹೊರಟ ಅಜ್ಜಿಯನ್ನು ಗಮನಿಸಿ. ನೆರಳಿರುವ ಬದಿಯನ್ನೇ ಹುಡುಕಿ ರಸ್ತೆ ದಾಟುತ್ತಾರೆ. ಈ ಜಾಣ್ಮೆಗೆ ವಿಜ್ಞಾನದ ಆಧಾರವೂ ಇದೆ. ಬೆಂಗಳೂರಿನ ರಸ್ತೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮರಗಳಿಲ್ಲದ ರಸ್ತೆಗಿಂತ ಸಾಲುಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಬಿಸಿ 27.5 ಡಿಗ್ರಿಯವರೆಗೂ ಕಡಿಮೆ ಇತ್ತು. ಗಾಳಿಯಲ್ಲಿ ತೇಲುವ ದೂಳೂ ಕಡಿಮೆಯಿತ್ತು.

ಇದಕ್ಕೆ ಕಾರಣ ನೆರಳೊಂದೇ ಅಲ್ಲ. ಬೆವರು ಆರಿದಾಗ ಮೈ ತಂಪಾಗುವಂತೆ, ಎಲೆಗಳಿಂದ ನೀರು ಆವಿಯಾಗುವಾಗ ಸುತ್ತಲಿನ ಗಾಳಿ ತಣಿಯುತ್ತದೆ. ಬಿಸಿಲಿನ ಝಳದಲ್ಲಿ ದೇಹವನ್ನು ತಂಪಾಗಿಡಲು ಹೃದಯ ಹೆಚ್ಚು ದುಡಿಯಬೇಕು. ಆದ್ದರಿಂದ ವೃದ್ಧರು, ಎಳೆಯ ಮಕ್ಕಳು, ಗರ್ಭಿಣಿಯರು ಹಾಗೂ ಹೃದ್ರೋಗಿಗಳಿಗೆ ಈ ತಂಪೇ ದೊಡ್ಡ ರಕ್ಷಣೆ.

ರೋಗಿಯ ಚೇತರಿಕೆಗೂ ಹಸಿರು ನೆರವಾಗಬಲ್ಲದು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಚ್ ಪರಿಶೀಲಿಸಿ 1984ರಲ್ಲಿ ವರದಿ ಪ್ರಕಟಿಸಿದರು. ಕಿಟಕಿಯಾಚೆ ಇಟ್ಟಿಗೆ ಗೋಡೆ ಕಂಡವರಿಗಿಂತ ಮರಗಳು ಕಂಡವರು ಬೇಗ ಮನೆಗೆ ಮರಳಿದ್ದರು. ಪ್ರಬಲ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು.

ಮರಕ್ಕೂ ಬೇಕು ಆರೈಕೆ

‘ಮಳೆಗಾಳಿಗೆ ಮೈಮೇಲೆ ಬಿದ್ದರೆ?’ ಎಂದು ನೀವು ಕೇಳಬಹುದು. ಭಯ ಸಹಜವೇ. ಆದರೆ ಹಲವು ಬಾರಿ ತಪ್ಪು ನಮ್ಮದು. ಚರಂಡಿಗಾಗಿ ಬೇರು ಕಡಿಯುತ್ತೇವೆ, ಬುಡದವರೆಗೂ ಕಾಂಕ್ರೀಟ್ ಹಾಕುತ್ತೇವೆ, ವಿದ್ಯುತ್ ತಂತಿಗೆ ತಾಗುತ್ತದೆಂದು ಒಂದೇ ಬದಿಯ ಕೊಂಬೆ ಕಡಿದು ಮರದ ಸಮತೋಲ ಕೆಡಿಸುತ್ತೇವೆ.

ನೀವು ಮಾಡಬಹುದಾದದ್ದು ಇಷ್ಟು:

* ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿರಲಿ. ಬೇರಿಗೂ ನೀರು, ಗಾಳಿ ಬೇಕು. ಇಷ್ಟು ಜಾಗದ ಕಾಂಕ್ರೀಟ್ ತೆಗೆಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಆಡಳಿತಕ್ಕೆ ಆದೇಶಿಸಿತ್ತು.

* ಜಾಹೀರಾತು ಫಲಕಕ್ಕಾಗಿ ಮರಕ್ಕೆ ಮೊಳೆ ಹೊಡೆಯಲು ಬಿಡಬೇಡಿ. ಗಾಯದ ಮೂಲಕ ರೋಗ ಒಳಸೇರುತ್ತದೆ.

* ಉದುರಿದ ಎಲೆಗಳಿಗೆ ಬೆಂಕಿ ಹಚ್ಚಬೇಡಿ. ಆ ಹೊಗೆ ಉಬ್ಬಸ ಇರುವವರಿಗೆ ಅಪಾಯಕಾರಿ. ಗುಂಡಿಯಲ್ಲಿ ಕೊಳೆಸಿದರೆ ಒಳ್ಳೆಯ ಗೊಬ್ಬರ.

* ಒಣಗಿದ ಕೊಂಬೆ, ಕಾಂಡದಲ್ಲಿ ಪೊಟರೆ, ಬುಡದಲ್ಲಿ ಅಣಬೆ, ಹೊಸದಾಗಿ ವಾಲಿದ ಮರ ಕಂಡರೆ ಮಳೆಗಾಲಕ್ಕೆ ಮೊದಲೇ ಪಾಲಿಕೆಗೆ ತಿಳಿಸಿ. ಅಪಾಯದ ಕೊಂಬೆಯನ್ನಷ್ಟೇ ತೆಗೆಸಿ. ಮರದ ತಲೆ ಬೋಳಿಸುವುದು ಬೇಡ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಾಮಾನ್ಯವಾಗಿ ಅನುಮತಿ ಬೇಕು.

* ಹೊಸ ಸಸಿ ನೆಡುವಾಗ ಜಾಗ ನೋಡಿ. ಅಗಲ ರಸ್ತೆಗೆ ಹೊಂಗೆ, ಬೇವು ಒಳ್ಳೆಯವು. ಗುಲ್‌ಮೊಹರ್ ಕೊಂಬೆಗಳು ಬೇಗ ಮುರಿಯುತ್ತವೆ. ಮೊದಲ ಎರಡು-ಮೂರು ಬೇಸಿಗೆ ನೀರುಣಿಸಲು ಮರೆಯಬೇಡಿ.

ಕೆಲವು ಮರಗಳು ಹೂ ಬಿಟ್ಟಾಗ ಪರಾಗದಿಂದ ಕೆಲವರಿಗೆ ಸೀನು, ಉಬ್ಬಸ ಹೆಚ್ಚಬಹುದು. ಅಂಥವರು ವೈದ್ಯರನ್ನು ಕಾಣಬೇಕು; ಮರ ಕಡಿಸುವುದು ಅದಕ್ಕೆ ಚಿಕಿತ್ಸೆಯಲ್ಲ.

ಇಂದು ನೆಟ್ಟ ಸಸಿ ದಟ್ಟ ನೆರಳಾಗಲು ವರ್ಷಗಳೇ ಬೇಕು. ಬರುವ ಬೇಸಿಗೆಯಲ್ಲಿ ನಿಮ್ಮ ಮನೆಯ ಹಿರಿಯರನ್ನು ಕಾಯುವುದು ಈಗಾಗಲೇ ಬೀದಿಯಲ್ಲಿ ನಿಂತಿರುವ ಮರ. ಇಂದು ಸಂಜೆ ಒಮ್ಮೆ ಅದರ ಬುಡ ನೋಡಿ ಬನ್ನಿ.