ಹಳೆಯ ಟ್ರಾಕ್ಟರಿನ ಪಿಸ್ಟನ್ನೂ ಮುಚ್ಚಳವೂ

ಮ್ಯಾಸಿ ಫರ್ಗ್ಯುಸನ್ ಎಂಬ ಹೆಸರು ಕನ್ನಡನಾಡಿನ ರೈತರಿಗೆ ಡೀಸೆಲ್ ಯಂತ್ರದಿಂದ ಪರಿಚಿತವಾದುದು. ಆ ವಂಶದ ಹಿರಿಯನಾದ ಫರ್ಗ್ಯುಸನ್ ಟಿ.ಇ. ೨೦ ಟ್ರಾಕ್ಟರು ೧೯೪೬ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹುಟ್ಟಿದಾಗ ಪೆಟ್ರೋಲನ್ನೇ ಬೇಡುತ್ತಿದ್ದಿತು. ೧೯೪೯ರಲ್ಲಿ ಸೀಮೆಎಣ್ಣೆಯನ್ನು ಹೋಲುವ ಅಗ್ಗದ ಎಣ್ಣೆಗೆಂದು ಅದರ ಇನ್ನೊಂದು ಮಾದರಿಯು ಬಂದಿತು. ಹೊರನೋಟಕ್ಕೆ ಇವೆರಡರ ಅಂತರವು ಅತ್ಯಲ್ಪ. ಬಿಡಿಭಾಗವನ್ನು ಕೊಳ್ಳುವವನು ಮೋಸಹೋಗುವುದು ಇಲ್ಲಿಯೇ.

ಪಿಸ್ಟನ್ನು ತುತ್ತತುದಿಗೇರಿದಾಗ ಅದರ ನೆತ್ತಿಗೂ ಸಿಲಿಂಡರಿನ ಮುಚ್ಚಳಕ್ಕೂ ನಡುವೆ ಉಳಿಯುವ ಎಡೆಯೇ ಇಲ್ಲಿ ಮುಖ್ಯ. ಪೆಟ್ರೋಲಿಗೆ ಅದು ಕಿರಿದು, ಸೀಮೆಎಣ್ಣೆಗೆ ಹಿರಿದು. ಸ್ಟಾಂಡರ್ಡ್ ಕಂಪೆನಿಯ ಎಂಜಿನ್ನಿನ ಕೊಳವೆಯ ಅಡ್ಡಳತೆ ಮೊದಲು ೮೦ ಮಿಲಿಮೀಟರು, ೧೯೫೧ರಿಂದ ೮೫. ಪಿಸ್ಟನ್ನಿನ ಓಟ ಎರಡರಲ್ಲಿಯೂ ೯೨. ಒಳಗೊಳವೆಯನ್ನು ಕಳಚಬಹುದಾದುದರಿಂದ ಹಳೆಯದಕ್ಕೆ ಹಿರಿಯ ಪಿಸ್ಟನ್ನನ್ನು ತೊಡಿಸುವುದು ಸುಲಭ. ಆಗ ಪ್ರತಿ ಸಿಲಿಂಡರಿನ ಗಾತ್ರವು ೪೬೨ ಘನ ಸೆಂಟಿಮೀಟರಿನಿಂದ ೫೨೨ಕ್ಕೇರುವುದು. ಮೇಲಣ ಎಡೆ ೯೨ ಘನ ಸೆಂಟಿಮೀಟರೆಂದೂ ಅದು ಬದಲಾಗದೆಂದೂ ಇಟ್ಟುಕೊಂಡರೆ, ಸಂಪೀಡನದ ಪ್ರಮಾಣವು ೬ರಿಂದ ೬.೭ರ ಸಮೀಪಕ್ಕೆ ಹೋಗುವುದು. ಇಂದಿನ ಪೆಟ್ರೋಲು ಇದನ್ನು ಸಹಿಸೀತು. ಸೀಮೆಎಣ್ಣೆ ಸಹಿಸದು, ಬಡಿತವುಂಟಾಗಿ ಪಿಸ್ಟನ್ನಿನ ನೆತ್ತಿಯೇ ಒಡೆಯಬಹುದು. ತದ್ವಿರುದ್ಧವಾಗಿ ಎಡೆ ೧೫೦ ಇರುವ ಮುಚ್ಚಳವನ್ನು ಹಾಕಿದರೆ ಪ್ರಮಾಣವು ೪.೫ಕ್ಕಿಳಿದು ಪೆಟ್ರೋಲು ವ್ಯರ್ಥವಾಗುವುದು. ಬೋಲ್ಟಿನ ರಂಧ್ರಗಳು ಕೂಡಿದುವೆಂದು ತೃಪ್ತಿಪಡುವವರಿಗೆ ಛಂದಸ್ಸಿನ ಅಧ್ಯಾಪಕರು ಉತ್ತರ ಹೇಳಬಲ್ಲರು: ಮಾತ್ರೆಗಳ ಮೊತ್ತ ಸರಿಯಾಗಿದ್ದೂ ಗಣವು ಒಡೆದ ಸಾಲು ಕುಂಟುವುದಷ್ಟೆ!

ಮುಚ್ಚಳದ ಮೇಲಣ ಎರಕದ ಸಂಖ್ಯೆಯೊಂದನ್ನೇ ನಂಬಲಾಗದು. ಹಿಂದೆ ಅದನ್ನು ಉಜ್ಜಿ ತೆಳುಮಾಡಿರಬಹುದು. ಮುಚ್ಚಳವನ್ನು ಬೋರಲಿಟ್ಟು, ಕುಳಿಗೆ ತೂತುಳ್ಳ ಗಾಜನ್ನು ಮುಚ್ಚಿ, ಅಳತೆಯ ನಳಿಗೆಯಿಂದ ತೆಳ್ಳನೆಯ ಎಣ್ಣೆಯನ್ನು ತುಂಬಿ ನೋಡಬೇಕು. ಪಿಸ್ಟನ್ನಿನ ನೆತ್ತಿಯ ಉಬ್ಬುತಗ್ಗನ್ನೂ, ಒತ್ತಿದ ಮೇಲೆ ಗ್ಯಾಸ್ಕೆಟ್ಟಿಗೆ ಉಳಿಯುವ ದಪ್ಪವನ್ನೂ ಅದಕ್ಕೆ ಕೂಡಿಸಿ ಕಳೆಯಬೇಕು.