ಪಾಸಾದ ಡಾಕ್ಟರ್‌ಗೆ ಮತ್ತೆ ಮತ್ತೆ ಪರೀಕ್ಷೆ: ಅಮೆರಿಕದ ವೈದ್ಯರ ಸಿಟ್ಟು ಯಾರ ಮೇಲೆ?

ಅಮೆರಿಕದಲ್ಲಿ ವೈದ್ಯ ವೃತ್ತಿ ಮಾಡೋಕೆ ಕಾನೂನು ಕೇಳೋದು ರಾಜ್ಯ ಸರ್ಕಾರದ ಲೈಸೆನ್ಸ್ ಮಾತ್ರ. ಆದರೆ ಅದೊಂದನ್ನೇ ಹಿಡಿದು ಆಸ್ಪತ್ರೆಗೆ ಕೆಲಸ ಕೇಳಲು ಹೋದರೆ, ಬಹಳಷ್ಟು ಕಡೆ ಎದುರಾಗುವ ಪ್ರಶ್ನೆ: ಬೋರ್ಡ್ ಸರ್ಟಿಫಿಕೇಟ್ ಇದೆಯಾ? ವಿಮಾ ಕಂಪನಿಗಳು ಕೇಳೋದೂ ಇದನ್ನೇ. ಇದನ್ನು ಕೊಡೋದು ಖಾಸಗಿ ಸಂಸ್ಥೆಗಳು. ಕಾಗದದ ಮೇಲೆ ಇದು ಐಚ್ಛಿಕ. ಬಿಟ್ಟರೆ ಕೆಲಸವೇ ಹೋಗಬಹುದು, ಅಷ್ಟೇ!

ಇವುಗಳಲ್ಲಿ ಅತಿ ದೊಡ್ಡದು 1936ರಲ್ಲಿ ಶುರುವಾದ ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್, ಅಂದರೆ ಎಬಿಐಎಂ. ಹೃದ್ರೋಗ, ಕಿಡ್ನಿ, ಕ್ಯಾನ್ಸರ್ ತಜ್ಞರೆಲ್ಲ ಇದರ ವ್ಯಾಪ್ತಿಗೆ ಬರ್ತಾರೆ. ಮೊದಲೆಲ್ಲ ಒಮ್ಮೆ ಪಾಸಾದರೆ ಜೀವನಪೂರ್ತಿ ಸಾಕಿತ್ತು. 1990ರಿಂದ ಸರ್ಟಿಫಿಕೇಟ್‌ಗೆ ಹತ್ತು ವರ್ಷದ ಗಡುವು ಬಂತು. ಅದಕ್ಕೂ ಮುಂಚೆ ಪಾಸಾದವರಿಗೆ ವಿನಾಯಿತಿ. ಕಲಿತದ್ದು ಹಳತಾಗುತ್ತದೆ ಅನ್ನೋದೇ ವಾದವಾಗಿದ್ದರೆ ಮೊದಲು ಪರೀಕ್ಷೆಗೆ ಕೂರಬೇಕಿದ್ದದ್ದು ಹಿರಿಯರೇ ಅಲ್ವಾ?

2014ರಲ್ಲಿ ಎಬಿಐಎಂ ನಿಯಮ ಇನ್ನಷ್ಟು ಬಿಗಿ ಮಾಡಿತು. ಹತ್ತು ವರ್ಷದ ಪರೀಕ್ಷೆಯ ಜೊತೆಗೆ ನಿರಂತರವಾಗಿ ಅಂಕ ಗಳಿಸುತ್ತಲೇ ಇರಬೇಕು, ಶುಲ್ಕ ಕಟ್ಟುತ್ತಲೇ ಇರಬೇಕು. ಸ್ಯಾನ್ ಡಿಯಾಗೋ ಪ್ರದೇಶದ ಹೃದ್ರೋಗ ತಜ್ಞ ಪಾಲ್ ಟೀರ್‌ಸ್ಟೈನ್ ಶುರುಮಾಡಿದ ಮನವಿಗೆ 19 ಸಾವಿರಕ್ಕೂ ಹೆಚ್ಚು ಸಹಿ ಬಿತ್ತು. 2015ರ ಫೆಬ್ರವರಿಯಲ್ಲಿ ಎಬಿಐಎಂ ಬಹಿರಂಗವಾಗಿಯೇ ಕ್ಷಮೆ ಕೇಳಿ ಕೆಲವು ನಿಯಮಗಳನ್ನು ತಡೆಹಿಡಿಯಿತು. ಅದರ ಫೌಂಡೇಶನ್ 2007ರಲ್ಲಿ ಫಿಲಡೆಲ್ಫಿಯಾದಲ್ಲಿ 23 ಲಕ್ಷ ಡಾಲರ್ ಕೊಟ್ಟು ಐಷಾರಾಮಿ ಫ್ಲ್ಯಾಟ್ ಕೊಂಡಿದ್ದ ವಿಚಾರವೂ ಚರ್ಚೆಗೆ ಬಂದು, ಸಿಟ್ಟಿಗೆ ತುಪ್ಪ ಸುರಿದಂತಾಯ್ತು.

ಈಗ ದೊಡ್ಡ ಪರೀಕ್ಷೆಗೆ ಪರ್ಯಾಯವೊಂದಿದೆ. 2022ರಿಂದ ಆನ್‌ಲೈನ್‌ನಲ್ಲಿ ಮೂರು ತಿಂಗಳಿಗೆ 30 ಪ್ರಶ್ನೆ, ಹೀಗೆ ಐದು ವರ್ಷ. ಪುಸ್ತಕ ನೋಡಬಹುದು, ಆದರೆ ಒಂದು ಪ್ರಶ್ನೆಗೆ ನಾಲ್ಕೇ ನಿಮಿಷ. ಶುಲ್ಕ ವರ್ಷಕ್ಕೆ 220 ಡಾಲರ್, ಇನ್ನೊಂದು ಸರ್ಟಿಫಿಕೇಟ್ ಇದ್ದರೆ ಮತ್ತೆ 120. ಅಮೆರಿಕದ ಡಾಕ್ಟರ್ ಸಂಬಳಕ್ಕೆ ಇದು ದೊಡ್ಡ ಮೊತ್ತವಲ್ಲ, ನಿಜ. ಅವರಿಗೆ ಉರಿಯೋದು ಬೇರೆ: ಅಪರೂಪದ ಒಂದೇ ಕಾಯಿಲೆ ನೋಡುವ ತಜ್ಞ, ತಾನೆಂದೂ ನೋಡದ ಕಾಯಿಲೆಗಳ ಪ್ರಶ್ನೆಗೆ ರಾತ್ರಿ ಹತ್ತಕ್ಕೆ ಕೂತು ಉತ್ತರ ಹುಡುಕಬೇಕು. 2023ರಲ್ಲಿ ಮತ್ತೊಂದು ಮನವಿಗೆ 20 ಸಾವಿರಕ್ಕೂ ಹೆಚ್ಚು ಸಹಿ ಬಿತ್ತು.

ಹಾಗಂತ ವೈದ್ಯರು ಓದೋದೇ ಬೇಡ ಅಂತಲ್ಲ. ರೋಗಿಗಳಾಗಿ ನಮಗೆ ಬೇಕಿರೋದು ಹೊಸ ಚಿಕಿತ್ಸೆ ಗೊತ್ತಿರುವ ಡಾಕ್ಟರೇ. ಈ ಪರೀಕ್ಷೆ ಅಂಥವರನ್ನು ಕೊಡುತ್ತಾ? 2014ರ ಡಿಸೆಂಬರ್‌ನಲ್ಲಿ ಜಾಮಾ ಪತ್ರಿಕೆ ಎರಡು ಅಧ್ಯಯನ ಪ್ರಕಟಿಸಿತು. ಮಾಜಿ ಸೈನಿಕರ ನಾಲ್ಕು ವೈದ್ಯಕೀಯ ಕೇಂದ್ರಗಳಲ್ಲಿ ಗಡುವಿನ ಸರ್ಟಿಫಿಕೇಟ್‌ನವರನ್ನೂ ಜೀವನಪೂರ್ತಿಯವರನ್ನೂ ಹೋಲಿಸಿದಾಗ, ಹತ್ತು ಗುಣಮಟ್ಟದ ಅಳತೆಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದರಲ್ಲಿ ಚಿಕಿತ್ಸಾ ವೆಚ್ಚದ ಏರಿಕೆ ತುಸು ಕಮ್ಮಿ ಕಂಡಿತು. ಇಷ್ಟು ಸಣಕಲು ಪುರಾವೆ ಇಟ್ಟುಕೊಂಡು ಕೆಲಸಕ್ಕೇ ಕುತ್ತು ತರುವ ನಿಯಮ ಹೇರೋದು ಸರಿಯಲ್ಲ.

ದಾರಿ ಹುಡುಕಿದವರೂ ಇದ್ದಾರೆ. ಟೀರ್‌ಸ್ಟೈನ್ 2015ರಲ್ಲೇ ಎನ್‌ಬಿಪಿಎಎಸ್ ಎಂಬ ಪರ್ಯಾಯ ಬೋರ್ಡ್ ಕಟ್ಟಿದರು. ಅದನ್ನು ಒಪ್ಪದ ಆಸ್ಪತ್ರೆಗಳು ಇನ್ನೂ ಬೇಕಾದಷ್ಟಿವೆ. ಒಕ್ಲಹೋಮ, ಟೆಕ್ಸಾಸ್ ರಾಜ್ಯಗಳು ಈ ಒತ್ತಾಯಕ್ಕೆ ಮಿತಿ ಹಾಕುವ ಕಾನೂನು ತಂದವು. ಕೋರ್ಟಿಗೆ ಹೋದ ನಾಲ್ವರು ವೈದ್ಯರು, ಮೊದಲ ಸರ್ಟಿಫಿಕೇಟ್ ಜೊತೆ ನವೀಕರಣವನ್ನೂ ಗಂಟುಹಾಕಿ ಮಾರ್ತಿದ್ದಾರೆ ಅಂದರು. ಅವೆರಡೂ ಒಂದೇ ಸರಕು ಅಂತ ಹೇಳಿ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ಅವರ ವಾದ ತಳ್ಳಿಹಾಕಿತು.

ಇದು ನಮ್ಮವರಿಗೂ ತಟ್ಟುವ ವಿಚಾರ. ಅಮೆರಿಕದ ಸುಮಾರು ಕಾಲು ಭಾಗ ವೈದ್ಯರು ಹೊರದೇಶಗಳಲ್ಲಿ ಓದಿದವರು, ಅವರಲ್ಲಿ ಭಾರತದವರೇ ಹೆಚ್ಚು. ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಎಂಬಿಬಿಎಸ್ ಮುಗಿಸಿ, ಅಲ್ಲಿ ಮತ್ತೆ ರೆಸಿಡೆನ್ಸಿ ಮಾಡಿ ತಜ್ಞರಾದವರಿಗೂ ಇದೇ ನಿಯಮ. ಇಲ್ಲಿ ನಮ್ಮದು ಇನ್ನೊಂದು ತುದಿ: 2002ರ ನಿಯಮ ಕೇಳೋದು ಐದು ವರ್ಷಕ್ಕೆ 30 ಗಂಟೆ ಕಲಿಕೆ, ಪರೀಕ್ಷೆಯ ಮಾತೇ ಇಲ್ಲ.

ಅಲ್ಲಿನ ಹೃದ್ರೋಗ ತಜ್ಞರ ಸಂಘಗಳು ಎಬಿಐಎಂ ಬಿಟ್ಟು ತಮ್ಮದೇ ಬೋರ್ಡ್ ಕಟ್ಟಲು ಹೊರಟಿದ್ದವು. 24 ಬೋರ್ಡ್‌ಗಳ ಮಾತೃಸಂಸ್ಥೆ ಎಬಿಎಂಎಸ್ 2025ರ ಫೆಬ್ರವರಿಯಲ್ಲಿ ಆ ಅರ್ಜಿಯನ್ನು ತಿರಸ್ಕರಿಸಿತು. ಎಬಿಐಎಂ ಕೂಡ ಆ 24ರಲ್ಲಿ ಒಂದು.