ನೆಲದಡಿಯ ಉಕ್ಕಿಗೆ ಕಾವಲು

ತಟ್ಟೆ ಇಡ್ಲಿಯನ್ನು ಸವಿಯಲೆಂದು ಬಿಡದಿಯಲ್ಲಿ ವಾಹನ ನಿಲ್ಲಿಸುವ ಪ್ರಯಾಣಿಕರಿಗೆ ಲೆಕ್ಕವಿಲ್ಲ. ಆದರೆ ಅರಬ್ಬೀ ಸಮುದ್ರದ ತೀರದಿಂದ ಹೊರಟ ಉಕ್ಕಿನ ಕೊಳವೆಮಾರ್ಗವೊಂದು, ಬೆಟ್ಟ ಬಯಲುಗಳ ಕೆಳಗೆ ನೂರಾರು ಕಿಲೋಮೀಟರ್ ಸಾಗಿ, ರಾಮನಗರದ ಸಮೀಪದ ಈ ಊರಿಗೇ ಬಂದು ತಲುಪುತ್ತದೆಂಬುದನ್ನು ಬಲ್ಲವರು ವಿರಳ. ಮಹಾರಾಷ್ಟ್ರದ ದಾಭೋಲಿನಿಂದ ನೈಸರ್ಗಿಕ ಅನಿಲವನ್ನು ತರುವ ಈ ಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿತು.

ಅನಿಲದ ಒತ್ತಡವನ್ನು ತಾಳಬಲ್ಲ ಉಕ್ಕಿಗೂ ಒಂದು ಹಗೆಯುಂಟು. ಮಳೆಯಲ್ಲಿ ಮರೆತುಬಂದ ಗುದ್ದಲಿಗೆ ಹಿಡಿಯುವ ಅದೇ ತುಕ್ಕು! ಕೊಳವೆಗೆ ಪಾಲಿಥಿನ್ ಕವಚವನ್ನು ತೊಡಿಸಿಯೇ ಹೂಳುತ್ತಾರೆ. ಆದರೂ ಕಲ್ಲು ತಗುಲಿ ಕವಚ ಎಲ್ಲಿಯಾದರೂ ಸೀಳಿತೆನ್ನಿ, ತೇವದ ಮಣ್ಣು ಅಲ್ಲಿಯೇ ಉಕ್ಕನ್ನು ತಿನ್ನತೊಡಗುತ್ತದೆ. ತುಕ್ಕೆಂಬುದು ಮೂಲತಃ ವಿದ್ಯುತ್ತಿನ ಆಟ. ಲೋಹದಿಂದ ಮಣ್ಣಿಗೆ ಪ್ರವಾಹ ಹೊರಡುವೆಡೆಯಲ್ಲೆಲ್ಲ ಲೋಹ ಕರಗುತ್ತದೆ. ಹಾಗಾದರೆ ಪ್ರವಾಹವನ್ನು ಎದುರುದಿಕ್ಕಿಗೆ ಹರಿಸಿದರೆ?

ಈ ಉಪಾಯ ಹೊಸದಲ್ಲ. 1824ರಲ್ಲಿಯೇ ಇಂಗ್ಲೆಂಡಿನ ಸರ್ ಹಂಫ್ರಿ ಡೇವಿ ನೌಕೆಗಳ ತಾಮ್ರದ ಹೊದಿಕೆಗೆ ಸತುವು, ಕಬ್ಬಿಣಗಳ ತುಂಡುಗಳನ್ನು ಜೋಡಿಸಿದನು. ಉಪ್ಪುನೀರು ಅವನ್ನು ತಿಂದು ತಾಮ್ರವನ್ನು ಬಿಟ್ಟಿತು. (ಕರಗುವ ತಾಮ್ರದ ವಿಷ ತಪ್ಪಿದ್ದರಿಂದ ಪಾಚಿ, ಚಿಪ್ಪುಜೀವಿಗಳು ಹಡಗಿಗೆ ಅಂಟಿ, ಪಾಪ, ಅದರ ವೇಗವೇ ಕುಗ್ಗಿತು!) ಇಂದಿನ ದೊಡ್ಡ ಮಾರ್ಗಗಳಲ್ಲಿ ಕೊಳವೆಗೆ ದೂರವಾಗಿ ಆನೋಡುಗಳನ್ನು ಹೂಳಿ, ಅವುಗಳಿಂದ ಮಣ್ಣಿನ ಮೂಲಕ ಕೊಳವೆಯತ್ತ ಏಕಮುಖ ವಿದ್ಯುತ್ತನ್ನು ಹರಿಸುತ್ತಾರೆ. ಸವೆಯುವ ಪಾಡು ಆನೋಡಿನದು.

ಕಾವಲು ಸರಿಯಿದೆಯೇ ಎಂದು ನೋಡುವ ಬಗೆ ಸೊಗಸಾಗಿದೆ. ದಾರಿಯುದ್ದಕ್ಕೂ ನೆಟ್ಟ ಕಂಬಗಳಲ್ಲಿ ಕೊಳವೆಗೆ ಬೆಸೆದ ತಂತಿಯ ತುದಿಯಿರುತ್ತದೆ. ಮಾಪಕದ ಒಂದು ತಂತಿಯನ್ನು ಅದಕ್ಕೂ, ಇನ್ನೊಂದನ್ನು ಮೈಲುತುತ್ತದ ದ್ರಾವಣದಲ್ಲಿ ಮುಳುಗಿದ ತಾಮ್ರದ ಸಲಾಕೆಗೂ ಸೇರಿಸಿ, ಆ ಪುಟ್ಟ ಪಾತ್ರೆಯನ್ನು ನೆನೆಸಿದ ಮಣ್ಣಿನ ಮೇಲೆ ಊರುತ್ತಾರೆ. ನಮ್ಮ ರೈತರು ಸುಣ್ಣದೊಡನೆ ಬೆರೆಸಿ ಗಿಡಗಳಿಗೆ ಸಿಂಪಡಿಸುವ ಮೈಲುತುತ್ತವೇ ಇದು! ಅಳತೆ ಋಣ 0.85 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣವಾಗಿದ್ದರೆ ಉಕ್ಕು ಸುರಕ್ಷಿತ. ಮಿತಿಮೀರಿದರೆ ಕವಚವೇ ಕಳಚೀತು.

ಒಳಗಿನ ತುಕ್ಕಿಗೆ ಈ ಮದ್ದು ನಾಟದು. 2014ರ ಜೂನ್ 27ರ ನಸುಕಿನಲ್ಲಿ ಆಂಧ್ರಪ್ರದೇಶದ ನಗರಂ ಗ್ರಾಮದಲ್ಲಿ ಅನಿಲದ ಕೊಳವೆ ಸೋರಿ, ಬೆಂಕಿ ಹೊತ್ತಿ, ಸುಮಾರು 20 ಮಂದಿ ಪ್ರಾಣ ಕಳೆದುಕೊಂಡರು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ನೀರಿನಂಶವುಳ್ಳ ಅನಿಲ ಹರಿದು ಒಳಮೈ ತುಕ್ಕು ಹಿಡಿದಿತ್ತೆಂದು ತನಿಖೆಯಿಂದ ತಿಳಿದುಬಂತು. ಇಂಥ ಸವೆತವನ್ನು ಪತ್ತೆಮಾಡಲು ಅಯಸ್ಕಾಂತಗಳನ್ನು ಹೊತ್ತ ಯಂತ್ರವೊಂದನ್ನು ಅನಿಲದ ಒತ್ತಡದಿಂದಲೇ ಕೊಳವೆಯೊಳಗೆ ಓಡಿಸುತ್ತಾರೆ. ಅದಕ್ಕೆ ‘ಪಿಗ್’, ಎಂದರೆ ಹಂದಿ, ಎಂದು ಹೆಸರು!

ಈ ಕಾವಲಿನಲ್ಲಿ ರೈತನ ಪಾಲೂ ಉಂಟು. 1962ರ ಕಾಯಿದೆಯಂತೆ ಕೊಳವೆಯ ಮೇಲಿನ ನೆಲ ಅವನದಾಗಿಯೇ ಉಳಿಯುತ್ತದೆ. ರಾಗಿ ಬೆಳೆಯಬಹುದು, ಆದರೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆನಷ್ಟದ ಮಾತು ಬೇರೆ. ಬಳಕೆಯ ಹಕ್ಕಿಗೆಂದು ಕಾಯಿದೆ ಗೊತ್ತುಮಾಡಿದ ಪರಿಹಾರ ಭೂಮಿಯ ಪೇಟೆಬೆಲೆಯ ಶೇಕಡ 10. ಮಾವಿಗೆ ಹೆಸರಾದ ಸೀಮೆಯಲ್ಲಿ, ಅದೂ ಬೆಂಗಳೂರಿನ ಮಗ್ಗುಲಲ್ಲಿ, ಇದು ಅಲ್ಪವೆಂದೇ ನನಗೆ ತೋರುತ್ತದೆ.